ಒಳಗಿನ ಮಷೀನ್ ಮಾತಾಡಿದ ಶನಿವಾರ

ನನ್ನ ಮೊಮ್ಮಗಳಿಗೆ ನೌಕರಿ ಸಿಕ್ಕಿತು. ಶನಿವಾರ ಸಂಜೆ ಆರೂವರೆಗೆ ಫೋನು ಬಂತು. ಸೋಮವಾರದಿಂದ ಕೆಲಸ, ಮನೆಯಲ್ಲೇ ಕೂತು ಮಾಡುವ ಕೆಲಸ, ತಿಂಗಳಿಗೆ ಪಗಾರ. ಜಹೀರಾಬಾದಿನ ನಮ್ಮ ಓಣಿಯಲ್ಲಿ ಈ ಸುದ್ದಿ ತಿಳಿಯದವರು ಯಾರಾದರೂ ಉಳಿದಿದ್ದರೆ ಅದು ನನ್ನ ತಪ್ಪು. ಹಾಲಿನವನಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವನು "ಕಾಕಾ, ಮುಂಜಾನೆನೇ ಹೇಳಿದ್ರಲ್ಲ" ಅಂದ. ಇನ್ನೊಮ್ಮೆ ಕೇಳಿದರೆ ಹಾಲು ಒಡೆಯುತ್ತದೇನು ಎಂದೆ.

ಓಣಿಯವರಿಗೆ ಹೇಳಿ ತೀರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆ ಫೋನಿಗೆ ಮೊದಲಿನ ಎರಡು ದಿನ ನಮ್ಮ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಮಾತ್ರ ನಾನು ಒಂದೂ ಬಿಡದೆ ಹೇಳಬಲ್ಲೆ.

ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹೈದರಾಬಾದಿನಲ್ಲಿ ಒಂದು ವರ್ಷ ಇದ್ದು ಕಂಪ್ಯೂಟರ್ ಕಲಿತು ಬಂದಳು. ಪರದೆಯ ಮೇಲೆ ಇರುವುದನ್ನೆಲ್ಲ ಕಂಪ್ಯೂಟರೇ ಅವಳಿಗೆ ಓದಿ ಹೇಳುತ್ತದೆ. ಅದು ಓದುವ ವೇಗಕ್ಕೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ, ಟೇಪು ಮುಂದಕ್ಕೆ ಓಡಿಸಿದ ಹಾಗಿರುತ್ತದೆ. ಅವಳು ಮಾತ್ರ ತಲೆ ವಾರೆ ಮಾಡಿ ಕೇಳುತ್ತ ಟಕಟಕ ಕೀಲಿ ಒತ್ತುತ್ತಾಳೆ. ಕಂಪ್ಯೂಟರಿನಲ್ಲಿ ಆವಾಜು ಹೋದರೆ ನಮಗೆ ಹಾಡಿಲ್ಲ, ಅಷ್ಟೇ. ಅವಳಿಗೆ ಆವಾಜು ಹೋದರೆ ಕಂಪ್ಯೂಟರೇ ಇಲ್ಲ.

ಕೆಲಸ ಕೊಡುತ್ತೇವೆ ಎಂದವರು ಕಣ್ಣಿಲ್ಲದ ಮಕ್ಕಳಿಗೆ ಕನ್ನಡ ಪಾಠಗಳನ್ನು ಮಷೀನಿನ ದನಿಯಲ್ಲಿ ಓದಿಸುವ ಒಂದು ಸಂಸ್ಥೆಯವರು. ಮಷೀನು ಎಲ್ಲಿ ತಪ್ಪು ಓದಿತು, ಎಲ್ಲಿ ಸಾಲು ನುಂಗಿತು ಎಂದು ಕೇಳಿ ಗುರುತು ಹಾಕಬೇಕು. ಪರೀಕ್ಷೆಗೆಂದು ಮೂರು ಪಾಠ ಕೊಟ್ಟಿದ್ದರು. ಶನಿವಾರ ಸಂಜೆ ಐದರೊಳಗೆ ಕಳಿಸಿದರೆ ಸರಿ, ಇಲ್ಲದಿದ್ದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ ಆ ಕೆಲಸ.

ಈ ಪಾಠಗಳನ್ನು ಅವರು ನೇರವಾಗಿ ಕಳಿಸಿರಲಿಲ್ಲ. ಅವರು ಕಳಿಸಿದ್ದು ವರ್ಚುವಲ್ ಮಷೀನ್. ಅದೇನು ಎಂದು ನಾನು ಕೇಳಿದಾಗ ಮೊಮ್ಮಗಳು ತಿಳಿಸಿ ಹೇಳಿದಳು.

"ಮುತ್ಯಾ, ಕಂಪ್ಯೂಟರಿನ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್ ಅದ ಅಂತ ತಿಳ್ಕೊ. ಹೊರಗಿಂದಕ್ಕ ಹೋಸ್ಟ್ ಅಂತಾರ, ಒಳಗಿಂದಕ್ಕ ಗೆಸ್ಟ್. ಅವರ ಪಾಠ, ಅವರ ದನಿ ಎಲ್ಲಾ ಒಳಗಿಂದ್ರಾಗೇ ಅವ."

"ಒಳಗಿಂದಕ್ಕ ಸ್ಪೀಕರ್ ಎಲ್ಲಿ ಹಚ್ಚಾದು?"

"ಅದಕ್ಕ ಕೈ ಕಾಲ್ ಏನೂ ಇಲ್ಲ. ತಾಯಿ ಹೊಟ್ಟ್ಯಾಗಿನ ಕೂಸು. ತಾಯಿ ಬಾಯಿಲಿಂದೇ ಅದು ಮಾತಾಡಬೇಕು."

ಇದು ನನಗೆ ತಿಳಿಯಿತು. ನಾನು ನಲವತ್ತು ವರ್ಷ ಮೈಕ್ ಸೆಟ್ ನಡೆಸಿದವನು. ಮದುವೆ, ಬುದ್ಧ ಪೂರ್ಣಿಮೆ, ಶಾಲೆಯ ಗ್ಯಾದರಿಂಗು, ಯಾವುದಕ್ಕೂ ಇಲ್ಲ ಎಂದಿಲ್ಲ. ನನ್ನ ಇಂಗ್ಲಿಷು ಆಂಪ್ಲಿಫೈಯರಿನ ಮುಖದ ಮೇಲಿನ ಇಂಗ್ಲಿಷು: ಮೈಕ್, ಆಕ್ಸ್, ಬಾಸ್, ಟ್ರೆಬಲ್, ಔಟ್. ಅಕ್ಷರ ಗುರುತು ಸಿಗುತ್ತವೆ, ಮಾತು ಸಿಗುವುದಿಲ್ಲ.

ಕಂಪ್ಯೂಟರು ನಾರಾಯಣಖೇಡದ, ನಮ್ಮ ಬಾಯಲ್ಲಿ ಬರೀ ಖೇಡದ, ಒಂದು ಅಂಗಡಿಯಿಂದ ತಂದ ಹಳೆಯದು. ಅದರ ಸ್ವಂತ ಸೌಂಡು ಕೆಟ್ಟಿತ್ತು, ಅಂಗಡಿಯವನು ಅದನ್ನು ಬಂದ್ ಮಾಡಿಟ್ಟಿದ್ದ. ಯುಎಸ್‌ಬಿ ಪಿನ್ನಿನ ಹೆಡ್‌ಫೋನನ್ನು ಸಂಸ್ಥೆಯವರೇ ಕೊಟ್ಟಿದ್ದರು, ಆವಾಜು ಬಂದರೆ ಅದರಲ್ಲೇ ಬರಬೇಕು. ಗುರುವಾರ ಅಂಗಡಿಯವನೇ ಬಂದು ಒಳಗಿನ ಮಷೀನು ಕೂಡಿಸಿ, ಮಾತಾಡಿಸಿ ಹೋದ. ಹುಡುಗಿ ಮೊದಲ ಪಾಠದಲ್ಲಿ ಅರ್ಧ ಗುರುತು ಹಾಕಿಯೂ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ ನಾನು ಒಂಬತ್ತಕ್ಕೆ ಎಲ್ಲ ಚಾಲೂ ಮಾಡಲು ಕೂತೆ. ಮಾತಾಡುವವರು ಬಂದು ನಿಲ್ಲುವ ಮೊದಲೇ ಸೆಟ್ಟು ತಯಾರಿರಬೇಕು ಎಂಬುದು ನನ್ನ ಹಳೆಯ ರೂಢಿ. ಆ ಮುದಿ ಡಬ್ಬಿಯಲ್ಲಿ ಹೊರಗಿನದು ಏಳಲು ಐದು ನಿಮಿಷ, ಒಳಗಿನದು ಏಳಲು ಹತ್ತು. ಹುಡುಗಿ ಅಷ್ಟು ಹೊತ್ತು ಯಾಕೆ ಕಾಯಬೇಕು? ಎರಡೂ ಎದ್ದ ಮೇಲೆ ಹೆಡ್‌ಫೋನು ಚುಚ್ಚಿ, "ಬಾ ಅವ್ವಾ, ತಯ್ಯಾರ್ ಅದ" ಎಂದು ಕರೆದೆ.

ಕೂತಳು. ಹೊರಗಿನದು ಮಾತಾಡಿತು. ಒಳಗಿನದಕ್ಕೆ ಹೋದಳು. ಕೀಲಿ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಒಳಗಿಂದು ಮಾತಾಡ್ವಲ್ದು ಮುತ್ಯಾ."

"ಜರಾ ತಡಿ, ಇನ್ನಾ ಎದ್ದಿರಲಿಕ್ಕಿಲ್ಲ."

"ಎದ್ದದೋ ಇಲ್ಲೋ ನನಗ ಹ್ಯಾಂಗ ತಿಳೀಬೇಕು? ನೀನೇ ನೋಡಿ ಹೇಳು."

ನೋಡಿದೆ. ಒಳಗಿನದು ಎದ್ದು ಕೂತಿತ್ತು, ಗುರುವಾರ ಇದ್ದ ಹಾಗೇ. ಮೂಲೆಯಲ್ಲಿ ಸ್ಪೀಕರಿನ ಚಿತ್ರವಿತ್ತು, ಅದರ ಮೇಲೆ ಗೀಟು ಇರಲಿಲ್ಲ. ವಾಲ್ಯೂಮಿನ ಪಟ್ಟಿ ತುಂಬಿತ್ತು. ಅವಳು ಹೇಳಿದಲ್ಲಿ ಮೌಸು ಒಯ್ದು ಸೌಂಡಿನ ಸೆಟ್ಟಿಂಗು ತೆಗೆದೆ. ಪರೀಕ್ಷೆಯ ಬಟನ್ ಒತ್ತಿದಾಗ ಒಂದು ಪಟ್ಟಿ ಎಡಕ್ಕೂ ಬಲಕ್ಕೂ ಕುಣಿಯಿತು.

"ಕಾಟಾ ಕುಣೀಲಾಕತ್ತದ ಅವ್ವಾ. ಆವಾಜ್ ಹುಟ್ಟತಾ ಅದ."

"ಹುಟ್ಟತದ, ನನ್ನ ಕಿವಿತನಾ ಬರ್ವಲ್ದು."

ಮೈಕಿನ ಕೆಲಸದಲ್ಲಿ ಇದು ದಿನದ ಮಾತು. ಕಾಟಾ ಅಂದರೆ ಮೀಟರಿನ ಮುಳ್ಳು; ಅದು ಕುಣಿದು ಹಾರ್ನು ಮೂಕಾಗಿದ್ದರೆ ಮೈಕು ಸರಿ, ಆಂಪ್ಲಿಫೈಯರು ಸರಿ, ತಪ್ಪಿರುವುದು ವೈರಿನಲ್ಲಿ ಇಲ್ಲವೇ ಹಾರ್ನಿನಲ್ಲಿ. ಆದರೆ ಇಲ್ಲಿ ಹಾರ್ನೂ ಸರಿ, ಹೊರಗಿನದು ಅದೇ ಹೆಡ್‌ಫೋನಿನಲ್ಲಿ ಮಾತಾಡುತ್ತಿದೆ. ಹಾಗಾದರೆ ಕೆಟ್ಟಿರುವುದು ತಾಯಿಗೂ ಕೂಸಿಗೂ ನಡುವಿನ ಜಾಯಿಂಟು. ಆ ಜಾಯಿಂಟಿಗೆ ವೈರಿಲ್ಲ, ಪಿನ್ನಿಲ್ಲ, ಬೆರಳಿಟ್ಟು ಅಲುಗಾಡಿಸಲು ಏನೂ ಇಲ್ಲ.

ನಾರಾಯಣಖೇಡದ ಅಂಗಡಿಯವನಿಗೆ ಫೋನು ಹಚ್ಚಿದೆವು. ಅವನು ಒಳ್ಳೆಯ ಹುಡುಗ, ಸಿಟ್ಟಿಲ್ಲದವನು. ಒಳಗಿನ ಮಷೀನು ಬಂದ್ ಮಾಡಿ ಹೊರಗಿನಿಂದ ಅದರ ಆಡಿಯೋ ಸೆಟ್ಟಿಂಗು ನೋಡಿ ಎಂದ. ಹೊರಗಿನದು ಅವಳಿಗೆ ಓದಿ ಹೇಳುತ್ತದಲ್ಲ, ಅದನ್ನು ಅವಳೇ ಮಾಡಿದಳು. ಆಡಿಯೋ ಚಾಲೂ ಇದೆ, ಟಿಕ್ ಬಿದ್ದಿದೆ. ಔಟ್‌ಪುಟ್ಟಿಗೂ ಟಿಕ್ ಇದೆ. ಹೋಸ್ಟಿನ ಡ್ರೈವರು ಎಂಬ ಒಂದು ಕಡೆ ಇದ್ದುದನ್ನು ಬದಲಿಸಿ ಇನ್ನೊಂದು ಹಾಕಿಸಿದ. "ಕಾಕಾ, ಈಗ ಪೂರಾ ಬಂದ್ ಮಾಡಿ ಮೊದಲಿಂದ ಚಾಲೂ ಮಾಡ್ರಿ. ಅರ್ಧಮರ್ಧಾ ಮಾಡಬ್ಯಾಡ್ರಿ" ಎಂದ.

ಪೂರಾ ಬಂದ್ ಮಾಡಿದೆ. ಮೊದಲಿಂದ ಚಾಲೂ ಮಾಡಿದೆ. ಕಾಲು ಗಂಟೆ ಹೋಯಿತು. ಹೆಡ್‌ಫೋನು ಅವಳ ಕಿವಿಗೆ ಕೊಟ್ಟೆ. ಇಲ್ಲ.

ಸೌಂಡಿನ ಕಾರ್ಡಿನ ನಮೂನೆ ಬದಲಿಸಲು ಹೇಳಿದ. ಅಂದರೆ ಒಳಗಿನದಕ್ಕೆ ಹೊರಗಿನದು ತೋರಿಸುವ ಸುಳ್ಳು ಕಾರ್ಡು. ಮತ್ತೆ ಪೂರಾ ಬಂದ್, ಮತ್ತೆ ಕಾಲು ಗಂಟೆ. ಈ ಸಲ ಒಳಗೆ ಕುಣಿಯುತ್ತಿದ್ದ ಪಟ್ಟಿಯೂ ಸತ್ತಿತು. ಕಾರ್ಡಿನ ಹೆಸರಿದ್ದ ಜಾಗದಲ್ಲಿ ಬೇರೆ ಅಕ್ಷರ ಬಂದಿದ್ದವು, ಒಂದೊಂದೇ ಓದಿ ಹೇಳಿದೆ.

"ಡಮ್ಮಿ ಔಟ್‌ಪುಟ್" ಎಂದಳು ಅವಳು. "ಆವಾಜ್ ಎಲ್ಲಿಗೂ ಹೋಗಲ್ಲ ಅಂತ ಅರ್ಥ."

ಡಮ್ಮಿ ನನಗೆ ಗೊತ್ತಿತ್ತು. ರಿಪೇರಿ ಮಾಡುವಾಗ ಹಾರ್ನಿನ ಬದಲು ಬಲ್ಬು ಕಟ್ಟಿ ಆಂಪ್ಲಿಫೈಯರು ನೋಡುತ್ತೇವೆ, ಆವಾಜೆಲ್ಲ ಬಲ್ಬಿನಲ್ಲೇ ಸುಟ್ಟು ಹೋಗುತ್ತದೆ. ಇದು ಸರಿಯಾದ ದಾರಿಯಲ್ಲ ಎಂದು ತಿಳಿದು ಹಳೆಯ ಕಾರ್ಡನ್ನೇ ಹಾಕಿಸಿದೆ. ಪಟ್ಟಿ ಮತ್ತೆ ಕುಣಿಯಿತು. ಆವಾಜು ಮಾತ್ರ ಇಲ್ಲ.

ಹನ್ನೊಂದೂವರೆಗೆ ಅಂಗಡಿಯವನು "ಡಬ್ಬಿ ತಗೊಂಡು ಬಂದುಬಿಡ್ರಿ ಕಾಕಾ, ಕೈಗಿ ಹತ್ತಿದ್ರ ನೋಡ್ತೀನಿ" ಎಂದ. ಸೊಸೆ ಕೌದಿ ತಂದು ಕೊಟ್ಟಳು. ಡಬ್ಬಿಯನ್ನು ಅದರಲ್ಲಿ ಸುತ್ತಿ, ಹೆಡ್‌ಫೋನು ಅಂಗಿಯ ಒಳಗೆ ಇಟ್ಟುಕೊಂಡು ನಾರಾಯಣಖೇಡದ ಬಸ್ಸು ಹತ್ತಿದೆ. ತೊಡೆಯ ಮೇಲಿನ ಗಂಟು ನೋಡಿ ಕಂಡಕ್ಟರ್ ನಕ್ಕ.

"ಕಾಕಾ, ಕೂಸಿಗಿ ಹಾಫ್ ಟಿಕೀಟ್ ತಗೋಬೇಕಾಗ್ತದ."

"ಇದರ ಹೊಟ್ಟ್ಯಾಗ ಇನ್ನೊಂದು ಅದಪ್ಪಾ. ಎಷ್ಟಾಗ್ತದ ನೀನೇ ಹೇಳು" ಎಂದೆ. ಬಾಯಿಗೆ ನಗು ಬಂತು, ಎದೆಯಲ್ಲಿ ಇರಲಿಲ್ಲ.

ಅಂಗಡಿಯಲ್ಲಿ ಹುಡುಗ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಇದ್ದಬದ್ದ ವೈರುಗಳನ್ನೆಲ್ಲ ಒಮ್ಮೆಗೇ ಚುಚ್ಚಿ ಬಟನ್ ಒತ್ತಿದ. ಇವರಿಗೆ ಯಾರೂ ಸರಿಯಾಗಿ ಕಲಿಸಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಳಗಿನ ಮಷೀನು ಎದ್ದಿತು. ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟ. ಒಳಗಿನದು ಚೊಕ್ಕವಾಗಿ ಮಾತಾಡುತ್ತಿತ್ತು.

"ಏನ್ ಮಾಡ್ದಿ ಮಗಾ?"

"ಏನೂ ಮಾಡಿಲ್ರಿ. ಇಷ್ಟು ದೂರ ಹೊತ್ಕೊಂಡು ಬಂದ್ರಲ್ಲ, ಅದಕ್ಕೇ ಕರುಣಾ ಬಂತು ಕಾಣ್ತದ."

ಮೂರು ಸಲ ಬಂದ್ ಮಾಡಿ ಚಾಲೂ ಮಾಡಿ ತೋರಿಸಿದ. ಮೂರು ಸಲವೂ ಮಾತಾಡಿತು. ಮನೆಗೆ ಬಂದು, ಎಲ್ಲ ಮೊದಲಿನಂತೆ ಜೋಡಿಸಿ, ಜೋಪಾನವಾಗಿ ಚಾಲೂ ಮಾಡಿ, ಹೆಡ್‌ಫೋನು ಕೊಟ್ಟೆ. ಮೊಮ್ಮಗಳು ಕೇಳಿದಳು. ತಲೆ ಅಲ್ಲಾಡಿಸಿದಳು.

ಆಗಲೇ ಕರೆಂಟೂ ಹೋಯಿತು. ಸೊಸೆ ಬಾಗಿಲಲ್ಲಿ ನಿಂತು, "ಆ ಡಬ್ಬಿ ಖೇಡದಾಗೇ ಬಿಟ್ಟು ಬಂದಿದ್ರ ಛಲೋ ಇತ್ತು ನೋಡ್ರಿ ಮಾವಾ. ಅಲ್ಲೇ ಅದಕ್ಕ ನೀರು ಹಿಡಿಸ್ಯಾವ" ಎಂದಳು. ಅವಳು ಮಗಳ ಮುಖ ನೋಡಿ ಅಳು ಬಂದಾಗ ಹೀಗೆ ಚುಚ್ಚಿ ಮಾತಾಡುವವಳು.

ಶನಿವಾರ ಬೆಳಿಗ್ಗೆ ಮೊಮ್ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಅಲ್ಲೇ ಕೂರಿಸಿ ಕೆಲಸ ಮುಗಿಸೋಣ ಎಂದುಕೊಂಡೆ. ಫೋನು ಹಚ್ಚಿದರೆ ಆ ಕಡೆ ಬ್ಯಾಂಡಿನ ಸದ್ದು. ಅಂಗಡಿಗೆ ಬೀಗ ಹಾಕಿ ಕಂಗ್ಟಿಯ ಕಡೆ ಒಂದು ಮದುವೆಗೆ ಹೋಗಿದ್ದ. ಸಂಜೆ ಬರುತ್ತೇನೆ ಎಂದ. ಸಂಜೆ ಬಂದು ಏನು ಮಾಡುವುದು?

ಮಷೀನು ಅಲ್ಲಿ ಮಾತಾಡುತ್ತದೆ, ಇಲ್ಲಿ ಮಾತಾಡುವುದಿಲ್ಲ. ಹಾಗಾದರೆ ತಪ್ಪು ಮಷೀನಿನದಲ್ಲ, ಮನೆಯದು. ನನ್ನ ಅನುಭವ ಹೇಳಿದ್ದು ಅರ್ಥಿಂಗು. ಅರ್ಥ್ ಕೆಟ್ಟರೆ ಸೆಟ್ಟು ಹಮ್ ಎನ್ನುತ್ತದೆ, ಇಲ್ಲವೇ ಹುಚ್ಚುಹುಚ್ಚಾಗಿ ಆಡುತ್ತದೆ. ಹಿತ್ತಲಲ್ಲಿ ಗುಂಡಿ ತೋಡಿ ಕಬ್ಬಿಣದ ಸಲಾಕೆ ಹೂಳಿದೆ, ಉಪ್ಪು ನೀರು ಹೊಯ್ದೆ, ಮೀಟರಿನಿಂದ ಹೊಸ ವೈರು ಎಳೆದು ಹೊಸ ಬೋರ್ಡು ಕೂಡಿಸಿದೆ. ನಡುವೆ ಕರೆಂಟು ಹೋಗಬಾರದೆಂದು ಮೈಕ್ ಸೆಟ್ಟಿನ ಬ್ಯಾಟರಿ ಮತ್ತು ಇನ್ವರ್ಟರನ್ನೂ ತಂದು ಜೋಡಿಸಿದೆ. ಎರಡೂವರೆ ಗಂಟೆಯ ಕೆಲಸ. ಬೆವರು ಒರೆಸಿಕೊಂಡು ಎಲ್ಲ ಚಾಲೂ ಮಾಡಿ ಅವಳನ್ನು ಕರೆದೆ. ಒಳಗಿನದು ಕಲ್ಲಿನ ಹಾಗೆ ಕೂತಿತ್ತು.

ಗಡಿಯಾರದಲ್ಲಿ ಒಂದೂವರೆ ಆಗಿತ್ತು. ಅಂಗಡಿಯವನಿಗೆ ಮತ್ತೆ ಫೋನು. ಬ್ಯಾಂಡಿನ ನಡುವೆ ಅವನು ಕೂಗಿ ಹೇಳಿದ್ದು ಇಷ್ಟು: ಒಳಗಿನ ಮಷೀನನ್ನು ಪೂರಾ ಅಳಿಸಿ, ಸಂಸ್ಥೆಯವರ ಕಡೆಯಿಂದ ಮತ್ತೆ ಇಳಿಸಿಕೊಂಡು ಹೊಸದಾಗಿ ಹಾಕಿ.

"ಅಳಿಸೋಣ ನಡಿ" ಎಂದೆ. ಏನಾದರೂ ಮಾಡುತ್ತಿರಬೇಕು, ಸುಮ್ಮನೆ ಕೂರಬಾರದು ಎಂಬುದೇ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು.

ಮೊಮ್ಮಗಳು ನನ್ನ ಕೈ ಹಿಡಿದು ಮೌಸಿನಿಂದ ತೆಗೆದಳು.

"ಬ್ಯಾಡ ಮುತ್ಯಾ. ಇಳಿಯಾಕೇ ರಾತ್ರಿ ಆಗ್ತದ. ಗುರುವಾರ ಹಾಕಿದ ಗುರ್ತೂ ಹೋಗ್ತಾವ. ಇನ್ನ ಮ್ಯಾಲ ಏನೂ ಬದಲ್ ಮಾಡಬ್ಯಾಡ. ಒಂದು ಸೆಟ್ಟಿಂಗೂ ಮುಟ್ಟಬ್ಯಾಡ."

"ಮತ್ತೇನ್ ಮಾಡ್ಲಿ?"

"ಮುಂಜಾನಿಂದ ನೀ ಏನೇನು ಮಾಡ್ತಿ, ಅದನ್ನೇ ಮಾಡು. ಆದ್ರ ಒಂದೊಂದೂ ಬಾಯಿಲೆ ಹೇಳ್ಕೋತ ಮಾಡು. ನನಗ ಕಾಣಲ್ಲ. ನಿನ್ನ ಕೈ ಏನ್ ಮಾಡ್ತದೋ ಅದನ್ನೆಲ್ಲಾ ನಾ ಕೇಳಬೇಕು. ಸಣ್ಣದು ಅಂತ ಬಿಡಬ್ಯಾಡ."

ಎರಡು ದಿನ ನಾವು ಮಷೀನು ಏನು ಮಾಡುತ್ತದೆ ಎಂದು ನೋಡಿದ್ದೆವು. ಮುತ್ಯಾ ಏನು ಮಾಡುತ್ತಾನೆ ಎಂದು ಯಾರೂ ಕೇಳಿರಲಿಲ್ಲ. ನನಗೆ ಸ್ವಲ್ಪ ಸಿಟ್ಟೂ ಬಂತು. ನಲವತ್ತು ವರ್ಷ ವೈರು ಜೋಡಿಸಿದ ಕೈಗೆ ಪರೀಕ್ಷೆಯೇ ಎಂದು. ಆದರೂ ಶುರು ಮಾಡಿದೆ.

"ಹೆಡ್‌ಫೋನ್ ಕಿತ್ತಿ ಮಡಚಿ ಕಿಸೇದಾಗ ಇಟ್ಟೆ. ಒಳಗಿಂದು ಬಂದ್ ಮಾಡ್ದೆ. ಹೊರಗಿಂದು ಬಂದ್ ಮಾಡ್ದೆ. ಬೋರ್ಡಿನ ಬಟನ್ ಆಫ್. ಈಗ ಆನ್. ಡಬ್ಬಿ ಆನ್."

"ಹಾಂ."

"ಹೊರಗಿಂದು ಏಳ್ಲಾಕತ್ತದ... ಎದ್ದದ. ಈಗ ಒಳಗಿಂದರ ಚಿತ್ರದ ಮ್ಯಾಲ ಎರಡು ಸಲ ಒತ್ದೆ. ಅದರ ಕಿಟಕಿ ತೆಗೀತು. ಒಂದು ಪಟ್ಟಿ ಬಂತು, ಅದನ್ನ ಕಟ್ ಮಾಡ್ತೀನಿ..."

"ನಿಂದ್ರು. ಯಾವ ಪಟ್ಟಿ?"

"ಅದೇನಿಲ್ಲ. ಫೋನಿನ್ಯಾಗ ಜಾಹೀರಾತು ಬರ್ತಾವಲ್ಲ, ಅಂಥಾದು. ಮೂಲ್ಯಾಗಿನ ಕತ್ತರಿ ಗುರ್ತು ಒತ್ತಿದ್ರ ಹೋಗ್ತದ."

"ಎಂದಿನಿಂದ ಬರ್ಲಾಕತ್ತದ ಅದು?"

"ನಿನ್ನೆಯಿಂದ."

"ಖೇಡದಾಗ ಬಂದಿತ್ತೇನ್?"

ನೆನಪು ಮಾಡಿಕೊಂಡೆ. ಅಲ್ಲಿ ಬಂದಿರಲಿಲ್ಲ. ಮೂರು ಸಲ ಚಾಲೂ ಮಾಡಿದರೂ ಬಂದಿರಲಿಲ್ಲ.

"ಓದು ಮುತ್ಯಾ. ಒಂದಕ್ಷರ ಬಿಡಬ್ಯಾಡ."

ಕನ್ನಡಕ ಒರೆಸಿಕೊಂಡು ಓದಿದೆ. ಎಚ್, ಓ, ಎಸ್, ಟಿ. ಅವಳು ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸಿಕೊಳ್ಳುತ್ತಿದ್ದಳು. ಆಡಿಯೋ ಎಂಬುದು ಬಂತು, ಅದನ್ನು ನಾನೇ ಓದಿದೆ, ಆಂಪ್ಲಿಫೈಯರಿನ ಮೇಲೆ ಇರುತ್ತದೆ. ನಡುವೆ ಎನ್, ಯು, ಎಲ್, ಎಲ್. ಇಡೀ ಪಟ್ಟಿ ಓದಿ ಮುಗಿಸಲು ಐದು ನಿಮಿಷ ಹಿಡಿಯಿತು. ಆಮೇಲೆ ಅವಳು ಅದರ ಅರ್ಥ ಮೆಲ್ಲಗೆ ಬಿಡಿಸಿ ಹೇಳಿದಳು.

"ನಾ ಚಾಲೂ ಆಗೂ ಹೊತ್ತಿಗಿ ಹೊರಗಿಂದ್ರಾಗ ಸೌಂಡಿನ ದಾರೀನೇ ಸಿಗಲಿಲ್ಲ, ಅದಕ್ಕ ಆವಾಜ್ ಎಲ್ಲಾ ಖಾಲಿ ಜಾಗಾಕ್ಕ ಬಿಡ್ಲಾಕತ್ತೀನಿ ಅಂತ ಹೇಳ್ಲಾಕತ್ತದ ಅದು. ಮುತ್ಯಾ, ಅದು ಚಾಲೂ ಆಗಬೇಕಾದ್ರ ಹೆಡ್‌ಫೋನ್ ಎಲ್ಲಿರ್ತದ?"

"ನನ್ನ ಕಿಸೇದಾಗ."

"ಯಾವಾಗ ಚುಚ್ತಿ?"

"ಎಲ್ಲಾ ಎದ್ದ ಮ್ಯಾಲ, ಆಖರಿಗಿ. ಸ್ಪೀಕರ್ ಲೈನ್ ಆಖರಿಗೇ ಹಚ್ಚಬೇಕು, ಎಲ್ಲಕ್ಕಿಂತ ಮೊದಲೇ ತೆಗೀಬೇಕು. ಸಣ್ಣಾಕಿ ಇದ್ದಾಗಿಂದ ನೋಡಿಲ್ಲೇನು?"

ಅದು ನನ್ನ ಉಸ್ತಾದರು ಕಲಿಸಿದ ಮೊದಲ ಪಾಠ. ಆಂಪ್ಲಿಫೈಯರು ಏಳುವಾಗ ಒಳಗಿನಿಂದ ಧಡ್ ಎಂದು ಒಂದು ಪೆಟ್ಟು ಹೊರಗೆ ಬರುತ್ತದೆ. ಲೈನು ಮೊದಲೇ ಜೋಡಿಸಿದ್ದರೆ ಆ ಪೆಟ್ಟು ಹಾರ್ನಿನ ಪರದೆಗೆ ಬೀಳುತ್ತದೆ. ಕೆಲಸ ಕಲಿಯುವಾಗ ಒಮ್ಮೆ ನಾನು ಮರೆತು, ಮದುವೆಯ ಮುಂದೆ ಎರಡು ಹಾರ್ನು ಒಟ್ಟಿಗೆ ಒಡೆದು, ಉಸ್ತಾದರ ಕೈಯಲ್ಲಿ ಏಟು ತಿಂದಿದ್ದೆ. ಅಂದಿನಿಂದ ನನ್ನ ಕೈ ತಪ್ಪಿಲ್ಲ. ಈ ಎರಡು ದಿನವೂ ತಪ್ಪಿರಲಿಲ್ಲ. ಹೆಡ್‌ಫೋನು ಇಲ್ಲದ ಆ ಕಂಪ್ಯೂಟರಿಗೆ ಬೇರೆ ಸೌಂಡೇ ಇಲ್ಲ. ಒಳಗಿನದು ಏಳುತ್ತ ತಾಯಿಯ ಬಾಯಿ ಹುಡುಕುತ್ತಿತ್ತು, ಬಾಯಿ ನನ್ನ ಕಿಸೆಯಲ್ಲಿತ್ತು. ಹುಡುಕಿ ಬೇಸತ್ತು ಅದು ಡಮ್ಮಿಗೆ ಕಟ್ಟಿಕೊಂಡು ಕೂತ ಮೇಲೆ ನಾನು ಚುಚ್ಚುತ್ತಿದ್ದೆ. ಹೊರಗಿನದು ಹೊಸ ಲೈನು ಹಿಡಿಯುತ್ತಿತ್ತು, ಒಳಗಿನದು ತಿರುಗಿಯೂ ನೋಡುತ್ತಿರಲಿಲ್ಲ. ಅಂಗಡಿಯ ಹುಡುಗ ಎಲ್ಲ ಮೊದಲೇ ಚುಚ್ಚಿದ್ದ, ಅದಕ್ಕೇ ಅವನ ಕೈಯಲ್ಲಿ ಮಾತಾಡಿತ್ತು.

"ಇವತ್ತು ಲೈನ್ ಮೊದಲು ಹಚ್ಚು" ಎಂದಳು.

ಗಡಿಯಾರದಲ್ಲಿ ಎರಡೂಕಾಲು. ಹೊತ್ತು ಹೋಗುತ್ತಿದೆ ಎಂದು ಗೊತ್ತಿದ್ದೂ ನಾನು ಎದ್ದು ನಿಂತುಬಿಟ್ಟೆ. ಹಾರ್ನು ಒಡೆದರೆ ಹೊಸದು ಸಿಗುತ್ತದೆ. ಹೆಡ್‌ಫೋನು ಕೆಟ್ಟರೂ ಬೇಡಿ ತಂದೇನು. ಈ ಹುಡುಗಿಗೆ ಇರುವುದು ಕಿವಿ. ಪ್ರತಿ ಸಲ ಆ ಪಿನ್ನು ಆಖರಿಗೆ ಚುಚ್ಚುವಾಗ ನನ್ನ ಮನಸ್ಸಿನಲ್ಲಿ ಇರುತ್ತಿದ್ದದ್ದು ಹೆಡ್‌ಫೋನಲ್ಲ, ಅವಳ ಕಿವಿ. ಧಡ್ ಎಂಬ ಆ ಪೆಟ್ಟು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

"ಯುಎಸ್‌ಬಿ ಅದ ಮುತ್ಯಾ, ಅದರಾಗ ಹಂಗ ಪೆಟ್ಟು ಬರಲ್ಲ."

"ನಿನಗ್ಯಾರ್ ಹೇಳ್ಯಾರ?"

"ಖೇಡದಾಗ ಬಂದಿತ್ತೇನು?"

ಬಂದಿರಲಿಲ್ಲ. ಆದರೆ ಅಲ್ಲಿ ಹುಡುಗ ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟಿದ್ದ, ಏಳುವ ಹೊತ್ತಿಗೆ ಯಾರ ಕಿವಿಯಲ್ಲೂ ಇರಲಿಲ್ಲ. ಹಾಗಂತ ಹೇಳಿದೆ. ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು. "ಮಾವಾ, ಮಾಡಾದಿದ್ರ ಮಾಡ್ರಿ. ಇಲ್ಲಂದ್ರ ಆ ಸಂಸ್ಥಾದವರಿಗಿ ಫೋನ್ ಹಚ್ಚಿ ಆಗಲ್ಲ ಅಂತ ಹೇಳಿಬಿಡ್ರಿ. ಹುಡುಗಿ ಮಾರಿ ನೋಡಾಕಾಗವಲ್ದು ನನಗ."

ಆಗ ನಾನು ಒಂದು ನಿರ್ಧಾರ ಮಾಡಿದೆ. ಎಲ್ಲ ಪೂರಾ ಬಂದ್ ಮಾಡಿದೆ. ಪಿನ್ನು ಚುಚ್ಚಿದೆ, ಎಲ್ಲಕ್ಕಿಂತ ಮೊದಲು. ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿಕೊಂಡೆ. ಬೀಳುವುದಿದ್ದರೆ ಈ ಹಳೆಯ ಕಿವಿಗೆ ಬೀಳಲಿ. ಇನ್ವರ್ಟರಿನ ದೀಪ ನೋಡಿದೆ, ಹಸಿರು. ಬಟನ್ ಒತ್ತುವ ಬೆರಳು ಎರಡು ಸಲ ಹಿಂದೆ ಬಂತು. ಮೂರನೇ ಸಲ ಒತ್ತಿದೆ.

ಒಂದು ಸಣ್ಣ ಟಿಕ್ ಎಂದಿತು, ಅಷ್ಟೇ. ಹೊರಗಿನದು ಎದ್ದು ಗಡಗಡ ಮಾತಾಡಿತು. ಒಳಗಿನದರ ಚಿತ್ರದ ಮೇಲೆ ಎರಡು ಸಲ ಒತ್ತಿದೆ. ಕಿಟಕಿ ತೆರೆಯಿತು. ಪಟ್ಟಿ ಬರಲಿಲ್ಲ. ಕಾದೆ. ಹತ್ತು ನಿಮಿಷ ಅಂದರೆ ಎಷ್ಟು ಉದ್ದ ಎಂದು ನನಗೆ ಅವತ್ತು ತಿಳಿಯಿತು. ಮೊಮ್ಮಗಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಸೊಸೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಕಿವಿಯಲ್ಲಿ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದಳು. ಒಳಗಿನದರ ದನಿ. ಏನು ಹೇಳಿತೋ ನನಗೆ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಹೆಡ್‌ಫೋನು ತೆಗೆದು ಮೊಮ್ಮಗಳ ಕಿವಿಗೆ ಇಟ್ಟೆ. ಅವಳ ತಲೆ ವಾರೆಯಾಯಿತು. ಬೆರಳು ಕೀಲಿಯ ಮೇಲೆ ಹೋದವು.

"ಬಂತು" ಎಂದಳು. "ಈಗ ಯಾರೂ ಮಾತಾಡಬ್ಯಾಡ್ರಿ."

ಎರಡು ಮುಕ್ಕಾಲು ಆಗಿತ್ತು. ಎರಡೂವರೆ ಪಾಠ ಉಳಿದಿದ್ದವು. ಹೊರಗೆ ತರಕಾರಿಯವನು ಕೂಗಿದರೆ ಸೊಸೆ ಓಡಿ ಹೋಗಿ ಕೈ ಮುಗಿದು ಮುಂದೆ ಕಳಿಸಿದಳು. ನಾನು ಬ್ಯಾಟರಿಯ ಪಕ್ಕದಲ್ಲಿ ಕೂತೆ. ಮೂರೂವರೆಗೆ ಕರೆಂಟು ಹೋಯಿತು, ಇನ್ವರ್ಟರು ಟಕ್ ಎಂದು ಹಿಡಿದುಕೊಂಡಿತು, ಅವಳಿಗೆ ಗೊತ್ತೂ ಆಗಲಿಲ್ಲ. ಒಂದು ಪಾಠದಲ್ಲಿ ಮಷೀನು ಇಡೀ ಸಾಲು ನುಂಗಿದ್ದನ್ನು ಹಿಡಿದಳಂತೆ. ಇನ್ನೊಂದರಲ್ಲಿ ಪುಟದ ನಂಬರನ್ನು ಕಥೆಯ ನಡುವೆ ಓದಿಬಿಟ್ಟಿತ್ತಂತೆ. ಮುಗಿದ ಮೇಲೆ ಮತ್ತೊಮ್ಮೆ ಮೊದಲಿಂದ ಕೇಳುತ್ತೇನೆ ಎಂದಳು. ನಾಲ್ಕು ಇಪ್ಪತ್ತು ಆಗಿತ್ತು. ನನಗೆ ಸಿಟ್ಟು ಬಂತು. ಮತ್ತೆ ಕೇಳಿದಾಗ ಇನ್ನೆರಡು ತಪ್ಪು ಸಿಕ್ಕವು. ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿ ಕೈ ತೆಗೆದಳು.

ಆರೂವರೆಗೆ ಫೋನು ಬಂದಾಗ ಅವಳು ಹಾಂ ರೀ, ಹಾಂ ರೀ ಎಂದಷ್ಟೇ ಅನ್ನುತ್ತಿದ್ದಳು. ಇಟ್ಟ ಮೇಲೆ, "ಸೋಮಾರಲಿಂದ ಬಾ ಅಂದಾರ ಅವ್ವಾ. ಅಂದ್ರ ಬರಾದಲ್ಲ, ಇಲ್ಲೇ ಕೂಡೂದು" ಎಂದಳು. ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಚಪ್ಪಲಿಯನ್ನೂ ಮರೆತು ಓಣಿಗೆ ನಡೆದೆ.

ಮಗ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದಾನೆ, ಶನಿವಾರ ಶನಿವಾರ ಬರುತ್ತಾನೆ. ಎಂಟಕ್ಕೆ ಬಂದ. ತಲೆಯ ತುಂಬ ಕಲ್ಲಿನ ಹಿಟ್ಟು. ಸುದ್ದಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಯಾರೋ ಹೇಳಿದ್ದರು, ಯಾರು ಹೇಳಿರಬೇಕು ಎಂದು ಕೇಳಬೇಡಿ, ನಾನು ಅಲ್ಲಿಯವರೆಗೂ ಹೋಗಿದ್ದೆ. ಅವನು ಕೈಕಾಲು ತೊಳೆದು ಬಂದ. ಜೋಳದ ರೊಟ್ಟಿ, ಪುಂಡಿ ಪಲ್ಯ, ಚಪಾತಿ ಮುರಿದು ಬೆಲ್ಲ ತುಪ್ಪ ಕಲಸಿದ ಮಾಲದಿ. ನಾಲ್ವರೂ ಗುಂಡಗೆ ಕೂತೆವು. ಸೊಸೆಯೂ ಅವತ್ತು ಆಮೇಲೆ ಉಣ್ಣುತ್ತೇನೆ ಎನ್ನಲಿಲ್ಲ, ನಮ್ಮ ಜೊತೆಗೇ ತಾಟು ಇಟ್ಟುಕೊಂಡಳು.

ಮೊಮ್ಮಗಳು ಮಾಲದಿಯ ಒಂದು ತುತ್ತು ಕೈಯಲ್ಲಿ ಹಿಡಿದು, "ಅಪ್ಪಾ, ಎಲ್ಲಿ ಕೂತಿ?" ಎಂದಳು.

"ಇಲ್ಲೇ ಇದೀನವ್ವಾ."

ದನಿ ಬಂದ ಕಡೆಗೆ ಕೈ ಚಾಚಿ ಅಪ್ಪನ ಬಾಯಿಗೆ ಇಟ್ಟಳು. ಇನ್ನೊಂದು ತುತ್ತು ಮಾಡಿ ಅವ್ವನನ್ನು ಕರೆದಳು. ಅವಳು "ಮೊದಲು ನೀ ತಿನ್ನ, ದೊಡ್ಡ ಆಫೀಸರ್ ಬಂದಳು" ಎಂದು ಬೈಯುತ್ತಲೇ ಬಾಯಿ ತೆರೆದಳು.

"ಮುತ್ಯಾ, ನೀ ಎಲ್ಲಿದಿ?"

ನಾನು ಎದುರಿಗೇ ಇದ್ದೆ. ಇಲ್ಲೇ ಇದೀನಿ ಅನ್ನಬೇಕು ಎಂದು ಬಾಯಿ ತೆರೆದೆ, ಗಂಟಲಿನಿಂದ ಏನೂ ಬರಲಿಲ್ಲ. ತುತ್ತು ಹಿಡಿದ ಕೈ ಗಾಳಿಯಲ್ಲಿ ಕಾಯುತ್ತಿತ್ತು. ಮಗ, ಸೊಸೆ ಇಬ್ಬರೂ ನನ್ನ ಕಡೆ ನೋಡಿದರು, ಅವಳಿಗೆ ಹೇಳಲಿಲ್ಲ.

"ಆವಾಜ್ ಕೊಡು ಮುತ್ಯಾ" ಎಂದಳು.

ಕೆಮ್ಮಿ ಗಂಟಲು ಸರಿ ಮಾಡಿಕೊಂಡು, "ಇಲ್ಲೇ ಇದೀನಿ ಬೇಟಾ" ಎಂದೆ. ಕೈ ನೇರ ನನ್ನ ಬಾಯಿಗೆ ಬಂತು. ಸೊಸೆ ಎಲ್ಲರ ತಾಟಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು, ಬೇಡ ಎಂದವರು ಯಾರೂ ಇರಲಿಲ್ಲ.